ಊರಿನ ಕೊರತೆಯೇ ನಮ್ಮ ಉದ್ಯೋಗದ ಬೀಜ

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಬೇರೆ ಬೇರೆ ಹಳ್ಳಿಗಳಿಂದ ಹೊಲಮನಿ ಕೆಲಸ ಬದಿಗಿಟ್ಟು ಬಂದಿದ್ದೀರಿ. ಒಂದು ದಿನದ ಕೂಲಿ ಬಿಟ್ಟು ಬಂದವರೂ ಇದ್ದೀರಿ.  ನಿಮ್ಮ ಆ ಒಂದು ದಿನದ ಕೂಲಿಗೆ ತಕ್ಕ ಮಾತು ಆಡಬೇಕು ಎಂಬ ಎಚ್ಚರ ನಮಗಿದೆ.

ಸಂಘದ ಸಭೆಗಳಿಗೆ ಹೋದಾಗ ನಾವು ಕೇಳುವ ಒಂದು ಪ್ರಶ್ನೆ ಇದೆ. “ಸಂಘ ಕಟ್ಟಿ ಹತ್ತು-ಹದಿನೈದು ವರ್ಷ ಆತ್ರಿ. ಉಳಿತಾಯ ಮಾಡಿದ್ವಿ, ಸಾಲ ತಗೊಂಡ್ವಿ, ತೀರಿಸಿದ್ವಿ, ಮತ್ತ ತಗೊಂಡ್ವಿ. ಮುಂದೇನ್ರಿ?” ಇದು ಬಹಳ ಸರಿಯಾದ ಪ್ರಶ್ನೆ. ಇವತ್ತಿನ ಮಾತು ಇದರ ಬಗ್ಗೆಯೇ.

1992ರಲ್ಲಿ ನಬಾರ್ಡ್ ಸಂಸ್ಥೆ ಸ್ವ-ಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಆಗ ಹೆಣ್ಣುಮಕ್ಕಳಿಗೆ ಬ್ಯಾಂಕಿನ ಬಾಗಿಲು ದಾಟೋದೇ ದೊಡ್ಡ ಕೆಲಸವಾಗಿತ್ತು. ಈಗ ಕಾಲ ಬದಲಾಗಿದೆ. ಸಾಲ ಕೊಡುವವರು ನಮ್ಮ ಮನೆ ಬಾಗಿಲಿಗೇ ಬರ್ತಾರೆ. ಒಂದು ಫೈನಾನ್ಸಿನ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ತೆಗೆಯುವ ಮನೆಗಳೂ ಇವೆ. ವಸೂಲಿ ಕಾಟ ತಾಳದೆ ಊರು ಬಿಟ್ಟವರು, ಪ್ರಾಣ ಕಳಕೊಂಡವರು ರಾಜ್ಯದಲ್ಲಿ ಇದ್ದಾರೆ ಎಂಬ ಕಾರಣಕ್ಕೇ 2025ರಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಕಾನೂನು ತರಬೇಕಾಯಿತು.

ಅಂದಮೇಲೆ ಇವತ್ತು ನಮ್ಮ ತೊಂದರೆ ರೊಕ್ಕ ಸಿಗೋದಿಲ್ಲ ಅನ್ನೋದಲ್ಲ. ಸಿಕ್ಕ ರೊಕ್ಕ ದುಡಿಯೋದಿಲ್ಲ ಅನ್ನೋದು. ಸಾಲ ಮನೆಗೆ ಬಂತು, ಮದುವೆಗೆ, ದವಾಖಾನೆಗೆ, ಹಳೇ ಸಾಲಕ್ಕೆ ಹೋಯಿತು. ಇವೆಲ್ಲ ಬೇಕಾದ ಖರ್ಚುಗಳೇ, ತಪ್ಪಲ್ಲ. ಆದರೆ ಸಂಘದ ಹದಿನೈದು ಮಂದಿ ಸೇರಿ ಊರಿಗೆ ಉಪಯೋಗ ಆಗುವಂಥ, ತಮಗೂ ಗಳಿಕೆ ತರುವಂಥ ಒಂದು ಉದ್ಯೋಗ ನಡೆಸಲು ಸಾಧ್ಯವೇ? ಸಾಧ್ಯ. ಅದನ್ನು ನಮ್ಮ ಕುಂದಗೋಳ ತಾಲೂಕಿನ ಹೆಣ್ಣುಮಕ್ಕಳೇ ಮಾಡಿ ತೋರಿಸಿದ್ದಾರೆ.

ಸಾಮಾಜಿಕ ಉದ್ದಿಮೆ ಅಂದರೇನು?

ಹೆಸರು ದೊಡ್ಡದು, ವಿಷಯ ಸರಳ. ಒಂದು ಊರಲ್ಲಿ ಹಿಟ್ಟಿನ ಗಿರಣಿ ಇಲ್ಲ ಅನ್ನಿ. ಹೆಣ್ಣುಮಕ್ಕಳು ಜೋಳದ ಚೀಲ ಹೊತ್ತು ಪಕ್ಕದ ಊರಿಗೆ ಹೋಗ್ತಾರೆ. ಯಾರೋ ಪುಣ್ಯಾತ್ಮರು ಬಂದು ಪುಕ್ಕಟೆ ಬೀಸಿ ಕೊಟ್ಟರೆ ಅದು ದಾನ. ಅವರು ಕೈ ಬಿಟ್ಟ ದಿನ ಗಿರಣಿ ನಿಲ್ಲುತ್ತದೆ. ಒಬ್ಬ ಸಾಹುಕಾರ ಗಿರಣಿ ಹಾಕಿ ಲಾಭ ಮಾಡಿಕೊಂಡರೆ ಅದು ವ್ಯಾಪಾರ. ಅದೂ ಬೇಕು, ಆದರೆ ಲಾಭ ಕಡಿಮೆ ಅನ್ನಿಸಿದ ದಿನ ಅವನು ಗಿರಣಿ ಮುಚ್ಚಿ ಬೇರೆ ಊರಿಗೆ ಹೋಗಬಹುದು.

ಸಂಘದವರೇ ಗಿರಣಿ ಹಾಕಿದರು ಅನ್ನಿ. ಬೀಸಿದ್ದಕ್ಕೆ ಸರಿಯಾದ ದರ ತಗೊಂಡರು. ಕರೆಂಟು ಬಿಲ್ಲು, ರಿಪೇರಿ, ಬೀಸುವ ಅಕ್ಕನ ಪಗಾರ ಎಲ್ಲ ಅದರಲ್ಲೇ ಹೊರಟಿತು. ಉಳಿದ ಲಾಭದಲ್ಲಿ ಒಂದು ಪಾಲು ಸದಸ್ಯರಿಗೆ, ಒಂದು ಪಾಲು ಊರಿಗೆ ಬೇಕಾದ ಮತ್ತೊಂದು ಕೆಲಸಕ್ಕೆ. ಇದೇ ಸಾಮಾಜಿಕ ಉದ್ದಿಮೆ. ಊರಿನ ಕೊರತೆ ನೀಗಬೇಕು, ಲೆಕ್ಕವೂ ಕೂಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಬಹಳ ದಿನ ನಿಲ್ಲೋದಿಲ್ಲ.

ಈ ವಿಚಾರ ನಮಗೆ ಹೊರಗಿನಿಂದ ಬಂದದ್ದಲ್ಲ. ಗದಗ ತಾಲೂಕಿನ ಕಣಗಿನಹಾಳ ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಆ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲಿನದು ಎಂದು ಅದಕ್ಕೆ ಹೆಸರು. ರೈತರು ಬಡ್ಡಿ ಸಾಹುಕಾರರ ಕೈಯಲ್ಲಿ ನಲುಗುತ್ತಿದ್ದರು. ಆ ಕೊರತೆಗೆ ಆ ಊರಿನವರೇ ಉತ್ತರ ಕಂಡುಕೊಂಡರು.

ಹೆಣ್ಣುಮಕ್ಕಳದೇ ಉದಾಹರಣೆ ಬೇಕೆಂದರೆ ಲಿಜ್ಜತ್ ಹಪ್ಪಳ ನಿಮಗೆ ಗೊತ್ತು. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಗೊಂಡು ಮಾಳಿಗೆ ಮೇಲೆ ಕುಳಿತು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಲುಕ್ಸಾನು ಆದರೂ ಸರಿ, ದಾನ ತಗೊಳ್ಳೋದಿಲ್ಲ ಎಂದು ಅವರು ಆಗಲೇ ನಿರ್ಧರಿಸಿದ್ದರು. ಇವತ್ತು ಅದರಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ, ಅವರೇ ಅದರ ಪಾಲುದಾರರು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ತೀರ್ಥ ಗ್ರಾಮದ ಅಕ್ಕಂದಿರು

ಈಗ ನಮ್ಮ ಊರಿನ ಮಾತಿಗೆ ಬರೋಣ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮ. ಮಳೆ ನಂಬಿದ ಒಣ ಬೇಸಾಯದ ಸೀಮೆ. ಅಲ್ಲಿ 2018ರಲ್ಲಿ ಹದಿನೈದು ಮಂದಿ ಹೆಣ್ಣುಮಕ್ಕಳು ಸೇರಿ ಬೀಬಿ ಫಾತಿಮಾ ಮಹಿಳಾ ಸ್ವ-ಸಹಾಯ ಸಂಘ ಕಟ್ಟಿದರು. ಬೀಬಿಜಾನ್ ಹಳೇಮನಿ ಅವರು ಅದರ ಮುಂದಾಳು. ಅವರೆಲ್ಲ ನಮ್ಮ-ನಿಮ್ಮ ಹಾಗೆಯೇ ಹಳ್ಳಿಯ ಸಾಮಾನ್ಯ ಹೆಣ್ಣುಮಕ್ಕಳು.

ಅವರು ಕಂಡ ಕೊರತೆ ಏನು? ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ನಮ್ಮ ಹೊಲಗಳಲ್ಲಿ ಸಾವಿ, ನವಣಿ, ಬರಗು, ಹಾರಕ ಬೆಳೀತಿದ್ದರು. ಕಡಿಮೆ ಮಳೆಗೆ ಬರುತ್ತಿತ್ತು, ಗೊಬ್ಬರ-ಔಷಧದ ಖರ್ಚು ಇರಲಿಲ್ಲ, ದನಕ್ಕೆ ಮೇವು ಆಗುತ್ತಿತ್ತು. ಹಬ್ಬಕ್ಕೆ ಸಾವಿ ಅಕ್ಕಿ ಅನ್ನ, ನವಣಿ ಹೋಳಿಗಿ ಮಾಡುತ್ತಿದ್ದರು. ಆಮೇಲೆ ಹತ್ತಿ ಬಂತು, ಗೋವಿನಜೋಳ ಬಂತು, ರೇಷನ್ ಅಕ್ಕಿ ಬಂತು. ಸಾವಿ ಹೊಲದಿಂದ ಹೋಯಿತು.

ಯಾಕೆ ಹೋಯಿತು ಅಂತ ಕೇಳಿದರೆ “ರೇಟ್ ಇರಲಿಲ್ರಿ” ಅಂತಾರೆ ಗಂಡಸರು. ಹೆಣ್ಣುಮಕ್ಕಳನ್ನು ಕೇಳಿ ನೋಡಿ. “ಕುಟ್ಟಿ ಕುಟ್ಟಿ ರಟ್ಟಿ ಸೋತು ಹೋಗಿತ್ತು” ಅಂತಾರೆ. ಜೋಳ ನೇರವಾಗಿ ಗಿರಣಿಗೆ ಹಾಕಬಹುದು. ಸಾವಿ ಹಾಗಲ್ಲ. ಕಾಳು ಸಣ್ಣದು, ಮೇಲಿನ ಹೊಟ್ಟು ಗಟ್ಟಿ. ಬೀಸಿ, ಕುಟ್ಟಿ, ಕೇರಿ, ಕಲ್ಲು ಆರಿಸಿ, ಹಸನು ಮಾಡಿ ಒಂದು ಸೇರು ಅಕ್ಕಿ ಮಾಡೋದರಲ್ಲಿ ಅರ್ಧ ದಿನ ಹೋಗುತ್ತಿತ್ತು. ಆ ದುಡಿಮೆ ಪೂರ್ತಿ ಹೆಣ್ಣಿನ ಮೇಲೆ. ಅದನ್ನು ಮಾಡುವ ಯಂತ್ರ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಬೆಳೆಯೋದು ಬಿಟ್ಟರು. ಬೆಳೆಯೋದು ಬಿಟ್ಟ ಮೇಲೆ ಮನೆಯಲ್ಲಿ ಬೀಜ ಉಳಿಯಲಿಲ್ಲ. ಮುಂದೆ ಸಿರಿಧಾನ್ಯಕ್ಕೆ ಪಟ್ಟಣದಲ್ಲಿ ಬೆಲೆ ಬಂದಾಗ ಬೆಳೆಯೋಣ ಅಂದರೆ ಬೀಜವೂ ಇಲ್ಲ, ಗಿರಣಿಯೂ ಇಲ್ಲ, ಗಿರಾಕಿಯೂ ಇಲ್ಲ.

ಬೀಬಿ ಫಾತಿಮಾ ಸಂಘದವರು ಈ ಮೂರಕ್ಕೂ ಕೈ ಹಾಕಿದರು.

ಮೊದಲು ಬೀಜ. ದೇಸಿ ತಳಿಗಳ ಸಂರಕ್ಷಣೆಯಲ್ಲಿ ತೊಡಗಿರುವ ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಊರಿನಲ್ಲಿ ಸಮುದಾಯ ಬೀಜ ಬ್ಯಾಂಕ್ ಮಾಡಿದರು. ಇಲ್ಲಿ ಠೇವಣಿ ಇಡೋದು ರೊಕ್ಕ ಅಲ್ಲ, ಬೀಜ. ಇಂಥ ಬೀಜ ಬ್ಯಾಂಕುಗಳ ವಾಡಿಕೆ ಏನೆಂದರೆ, ರೈತರು ಬಿತ್ತಲಿಕ್ಕೆ ಬೀಜ ಒಯ್ಯುತ್ತಾರೆ, ಸುಗ್ಗಿ ಆದ ಮೇಲೆ ಒಯ್ದದ್ದಕ್ಕಿಂತ ಹೆಚ್ಚು ತಂದು ತುಂಬುತ್ತಾರೆ. ಹೀಗೆ ಒಂದು ಮನೆಯ ಬೀಜ ಮುಂದಿನ ವರ್ಷ ಎರಡು ಮನೆಗೆ ಸಿಗುತ್ತದೆ.

ಎರಡನೆಯದು ಗಿರಣಿ. ಸೆಲ್ಕೋ ಫೌಂಡೇಶನ್ ನೆರವಿನಿಂದ ಸೌರಶಕ್ತಿಯಲ್ಲಿ ನಡೆಯುವ ಸಿರಿಧಾನ್ಯ ಸಂಸ್ಕರಣಾ ಘಟಕ ಬಂತು. ಕಲ್ಲು ಬೇರೆ ಮಾಡುವ, ಕಾಳು ವಿಂಗಡಿಸುವ, ಹೊಟ್ಟು ತೆಗೆಯುವ ಕೆಲಸ ಈಗ ಯಂತ್ರದ್ದು. ಯಂತ್ರ ನಡೆಸುವವರು ಹೆಣ್ಣುಮಕ್ಕಳು. ಹಳ್ಳಿಯಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ನಿಮಗೆ ಗೊತ್ತೇ ಇದೆ. ಬಿಸಿಲು ಮಾತ್ರ ನಮ್ಮ ಸೀಮೆಗೆ ಎಂದೂ ಕಡಿಮೆ ಆಗಿಲ್ಲ.

ಮೂರನೆಯದು ಗಿರಾಕಿ. ಒಂದು ಸಂಘ ಒಂಟಿಯಾಗಿ ಪೇಟೆಗೆ ಹೋದರೆ ಅಡತಿ ಅಂಗಡಿಯವರು ಹೇಳಿದ್ದೇ ರೇಟು. ಅದಕ್ಕಾಗಿ ಅವರು ದೇವಧಾನ್ಯ ಎಂಬ ರೈತ ಉತ್ಪಾದಕರ ಕಂಪನಿಯ ಜೊತೆ ಕೈಜೋಡಿಸಿದರು. ಬಹಳ ಮಂದಿ ರೈತರ ಮಾಲು ಒಂದೇ ಕಡೆ ಸೇರಿದರೆ ಮಾರುವವರಿಗೆ ಬಲ ಬರುತ್ತದೆ.

ಈ ಕೆಲಸ ತೀರ್ಥದಲ್ಲೇ ನಿಲ್ಲಲಿಲ್ಲ. ಸುತ್ತಲಿನ ಸುಮಾರು 30 ಹಳ್ಳಿಗಳಿಗೆ ಹಬ್ಬಿತು. 2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ನೂರಕ್ಕೂ ಹೆಚ್ಚು ದೇಶಗಳಿಂದ ಬಂದ ನೂರಾರು ಹೆಸರುಗಳಲ್ಲಿ ಆರಿಸಿದ್ದು ಹತ್ತು. ಭಾರತದಿಂದ ಆ ವರ್ಷ ಆಯ್ಕೆಯಾದದ್ದು ಇದೊಂದೇ. ಪ್ರಶಸ್ತಿಯ ಮೊತ್ತ 10,000 ಡಾಲರ್, ನಮ್ಮ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ. ಪ್ರಶಸ್ತಿ ಬಂದ ಮೇಲೆ ಜಗತ್ತು ಅವರನ್ನು ನೋಡಿತು. ಆದರೆ ಅವರು ಬೀಜ ಕೂಡಿಸಲು ಕೂತಾಗ ಯಾವ ಪ್ರಶಸ್ತಿಯ ನೆನಪೂ ಅವರಿಗೆ ಇರಲಿಕ್ಕಿಲ್ಲ.

ಇದರಲ್ಲಿ ನಮಗೆ ಏನು ಪಾಠ?

ಒಂದು. ಅವರು “ಏನು ಮಾರೋಣ?” ಎಂದು ಶುರುಮಾಡಲಿಲ್ಲ. “ನಮ್ಮ ಊರಿನಲ್ಲಿ ಏನು ತಪ್ಪಿ ಹೋಗಿದೆ?” ಎಂದು ಶುರುಮಾಡಿದರು. ನಮ್ಮ ಸಂಘಗಳಲ್ಲಿ ಏನಾಗುತ್ತದೆ? ಯಾರೋ ಹಪ್ಪಳ ಮಾಡಿದರು ಅಂತ ಎಲ್ಲರೂ ಹಪ್ಪಳ, ಯಾರೋ ಫಿನೈಲ್ ಮಾಡಿದರು ಅಂತ ಎಲ್ಲರೂ ಫಿನೈಲ್. ತರಬೇತಿ ಮುಗಿದ ಮೇಲೆ ಮಾಡಿದ ಮಾಲು ಸದಸ್ಯರೇ ಒಬ್ಬರಿಗೊಬ್ಬರು ಕೊಂಡು ಮುಗಿಸ್ತಾರೆ. ಕೊರತೆ ಇದ್ದಲ್ಲಿ ಗಿರಾಕಿ ತಾನಾಗಿಯೇ ಇರುತ್ತಾನೆ.

ಎರಡು. ಹೆಣ್ಣುಮಕ್ಕಳ ಕಷ್ಟವನ್ನೂ ಅವರು ಊರಿನ ಸಮಸ್ಯೆ ಎಂದು ಎಣಿಸಿದರು. ಕುಟ್ಟುವ ಕಷ್ಟ ಹೋಗದೆ ಸಾವಿ ಹೊಲಕ್ಕೆ ಮರಳುವುದಿಲ್ಲ ಎಂಬುದು ಗೊತ್ತಿರುವುದು ಕುಟ್ಟಿದವಳಿಗೆ ಮಾತ್ರ. ನಿಮಗೆ ಗೊತ್ತಿರುವುದು ಎಷ್ಟೋ ಸಲ ಅಧಿಕಾರಿಗಳಿಗೆ, ಓದಿದವರಿಗೆ ಗೊತ್ತಿರುವುದಿಲ್ಲ. ಅದೇ ನಿಮ್ಮ ಮೊದಲ ಬಂಡವಾಳ.

ಮೂರು. ಅವರು ಎಲ್ಲವನ್ನೂ ತಾವೇ ಮಾಡಲು ಹೋಗಲಿಲ್ಲ. ಬೀಜಕ್ಕೆ ಒಂದು ಸಂಸ್ಥೆ, ಯಂತ್ರಕ್ಕೆ ಇನ್ನೊಂದು, ಮಾರಾಟಕ್ಕೆ ಮತ್ತೊಂದು. ಗೊತ್ತಿದ್ದವರನ್ನು ಹುಡುಕಿ ಕೇಳಿದರು. ಕೇಳೋದರಲ್ಲಿ ನಾಚಿಕೆ ಇಲ್ಲ. ಆದರೆ ಸಹಾಯ ಮಾಡಿದವರ ಕೈಗೆ ಸಂಘದ ಚುಕ್ಕಾಣಿ ಕೊಡಬಾರದು. ನಾವು ಸಂಸ್ಥೆಯವರು ಇವತ್ತು ಇರ್ತೀವಿ, ಯೋಜನೆ ಮುಗಿದರೆ ಬೇರೆ ಊರಿಗೆ ಹೋಗ್ತೀವಿ. ಸಂಘ ನಿಮ್ಮದು, ಊರಲ್ಲೇ ಇರುತ್ತದೆ.

ನಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು

ಉದ್ಯೋಗ ಶುರುಮಾಡಿದ ಸಂಘಗಳು ಮುಗ್ಗರಿಸುವುದು ಹೆಚ್ಚಾಗಿ ಲೆಕ್ಕದಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿಯ ದರಗಳು ತಿಳಿಸಿ ಹೇಳಲಿಕ್ಕೆ ಹಿಡಿದವು, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಒಂದು ಕ್ವಿಂಟಲ್ ಸಾವಿ ಕೊಂಡೆವು: ರೂ. 4,000. ಗಾಡಿ ಬಾಡಿಗೆ: ರೂ. 200. ಯಂತ್ರದ ಖರ್ಚು: ರೂ. 300. ಚೀಲ, ಚೀಟಿ: ರೂ. 300. ಹೊಟ್ಟು, ನುಚ್ಚು ಹೋಗಿ 60 ಕಿಲೋ ಅಕ್ಕಿ ಬಂತು ಅನ್ನಿ. ಒಟ್ಟು ಖರ್ಚು ರೂ. 4,800, ಅಂದರೆ ಕಿಲೋಗೆ 80 ರೂಪಾಯಿ ಬಿತ್ತು. ನಾವು 85ಕ್ಕೆ ಮಾರಿದೆವು. 60 ಕಿಲೋಗೆ ರೂ. 5,100 ಬಂತು. ರೂ. 300 ಲಾಭ ಅಂತ ಖುಷಿಪಟ್ಟೆವು.

ಆದರೆ ಹಸನು ಮಾಡಿ, ತೂಕ ಹಾಕಿ, ಚೀಲ ತುಂಬಲು ಇಬ್ಬರು ಅಕ್ಕಂದಿರು ಒಂದು ದಿನ ಪೂರ್ತಿ ದುಡಿದರು. ಅವರು ಹೊಲಕ್ಕೆ ಕೂಲಿ ಹೋಗಿದ್ದರೆ ತಲಾ ರೂ. 350 ಬರುತ್ತಿತ್ತು. ಆ ರೂ. 700 ಎಲ್ಲಿ? ಅದನ್ನೂ ಸೇರಿಸಿದರೆ ಖರ್ಚು ರೂ. 5,500. ಈಗ ನಮಗೆ ರೂ. 300 ಲಾಭ ಅಲ್ಲ, ರೂ. 400 ಲುಕ್ಸಾನು. ಕಿಲೋಗೆ 92 ರೂಪಾಯಿ ಬಂದರೆ ಮಾತ್ರ ಅಸಲು ಹೊರಡುತ್ತದೆ. 100ಕ್ಕೆ ಮಾರಿದರೆ ರೂ. 500 ಉಳಿಯುತ್ತದೆ.

“ನಮ್ಮದೇ ಸಂಘ, ನಮಗ್ಯಾಕ ಪಗಾರ?” ಅಂತ ಕೆಲವರು ಹೇಳ್ತಾರೆ. ಮಾತು ದೊಡ್ಡದು, ಆದರೆ ಇದರಿಂದ ಏನಾಗುತ್ತದೆ ನೋಡಿ. ಮೊದಲ ತಿಂಗಳು ಎಲ್ಲರೂ ಬರ್ತಾರೆ. ಮೂರನೇ ತಿಂಗಳಿಗೆ ಬಡವರು ಬರೋದು ನಿಲ್ಲಿಸ್ತಾರೆ, ಯಾಕೆಂದರೆ ಅವರಿಗೆ ಆ ದಿನದ ಕೂಲಿ ಬೇಕು. ಕೊನೆಗೆ ಕೂಲಿ ಇಲ್ಲದೆ ನಡೆಯುವ ಮನೆಯ ಒಬ್ಬಿಬ್ಬರು ಉಳೀತಾರೆ. ಬಡವರಿಗೆ ಅಂತ ಶುರುವಾದ ಉದ್ಯೋಗದಲ್ಲಿ ಬಡವರೇ ಇರೋದಿಲ್ಲ. ಆದ್ದರಿಂದ ಕೆಲಸ ಮಾಡಿದ ದಿನದ ಕೂಲಿ ಮೊದಲು, ಲಾಭ ಹಂಚಿಕೆ ಆಮೇಲೆ. ಶುರುವಿನಲ್ಲಿ ರೊಕ್ಕ ಇಲ್ಲದಿದ್ದರೆ ಪುಸ್ತಕದಲ್ಲಿ ಬಾಕಿ ಎಂದಾದರೂ ಬರೆದಿಡಿ.

ಇನ್ನೊಂದು ಮಾತು, ಉದ್ರಿ. ಊರಲ್ಲಿ ಬೀಗರು-ಬಿಜ್ಜರು, ಓಣಿಯವರು ಕೇಳಿದರೆ ಇಲ್ಲ ಅನ್ನಲು ಆಗೋದಿಲ್ಲ. ಒಬ್ಬ ಸದಸ್ಯೆಗೆ ಈ ಮುಜುಗರ ಬರಬಾರದು ಎಂದರೆ ಸಭೆಯಲ್ಲೇ ಠರಾವು ಮಾಡಿ: ಉದ್ರಿ ಇಲ್ಲ, ಅಥವಾ ಇಷ್ಟು ರೂಪಾಯಿಗಿಂತ ಹೆಚ್ಚು ಇಲ್ಲ. ಆಗ ಆಕೆ “ನಾನಲ್ಲವ್ವಾ, ಸಂಘದ ಠರಾವು ಐತಿ” ಎನ್ನಬಹುದು. ಲೆಕ್ಕದ ಪುಸ್ತಕ ಪ್ರತಿನಿಧಿಯ ಮನೆಯ ಕಪಾಟಿನಲ್ಲಿ ಕೂರಬಾರದು. ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದಲು ಬಾರದ ಸದಸ್ಯೆಗೂ ಕಿವಿ ಇದೆ, ಲೆಕ್ಕ ತಿಳಿಯುತ್ತದೆ. ಸಂಘ ಒಡೆಯೋದು ಬಡತನದಿಂದ ಅಲ್ಲ, ಸಂಶಯದಿಂದ.

ಒಂದೇ ಗಿರಾಕಿಯನ್ನು ನಂಬಬಾರದು

ನಮ್ಮ ಜಿಲ್ಲೆಯವೇ ಇನ್ನೆರಡು ಉದಾಹರಣೆ ಹೇಳಬೇಕು. ಇವು ಎಚ್ಚರಿಕೆಗಾಗಿ.

ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿತು. ರಾಷ್ಟ್ರಧ್ವಜ ತಯಾರಿಸುವುದಕ್ಕೆ ಬಿ.ಐ.ಎಸ್. ಮಾನ್ಯತೆ ಪಡೆದ ಹೆಮ್ಮೆ ಅದಕ್ಕಿದೆ. ಅಲ್ಲಿ ಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನೂಲುವ, ನೇಯುವ ಎಷ್ಟೋ ಹೆಣ್ಣುಮಕ್ಕಳಿಗೂ ಅದು ಅನ್ನ ಕೊಟ್ಟಿದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಿತು. ಖಾದಿ ಧ್ವಜದ ಬೇಡಿಕೆಗೆ ದೊಡ್ಡ ಪೆಟ್ಟು ಬಿತ್ತು. ಕೆಲಸದಲ್ಲಿ ಅವರ ತಪ್ಪು ಏನೂ ಇರಲಿಲ್ಲ. ನಿಯಮ ಬದಲಾಯಿತು, ಅಷ್ಟೇ.

ನವಲಗುಂದದ ಜಮಖಾನ ನಿಮಗೆಲ್ಲ ಗೊತ್ತು. ನೇಯುವವರು ಹೆಣ್ಣುಮಕ್ಕಳೇ. ನವಿಲು, ಪಗಡಿ ಹಾಸಿನ ಚಿತ್ರದ ಆ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಂದರೆ ಬೇರೆ ಊರಿನವರು ಆ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರು ಉಳಿಯಿತು, ಆದರೆ ನೇಯುವ ಕೈಗಳು ಕಡಿಮೆಯಾಗುತ್ತಾ ಬಂದವು. ದಿನಗಟ್ಟಲೆ ಮಗ್ಗದ ಮುಂದೆ ಕೂತು ನೇಯ್ದ ಮೇಲೆ ಕೈಗೆ ಬರುವ ಕೂಲಿ ಸಾಲದಿದ್ದರೆ ಮಗಳು ಆ ಕೆಲಸಕ್ಕೆ ಯಾಕೆ ಬರಬೇಕು? ಮಾನ್ಯತೆಯ ಕಾಗದ ಬೇಕು, ಅದರ ಜೊತೆ ಗಿರಾಕಿಯೂ, ಸರಿಯಾದ ಕೂಲಿಯೂ ಬೇಕು.

ಹಾಗಾಗಿ ನಿಮ್ಮ ಉದ್ಯೋಗಕ್ಕೆ ಕನಿಷ್ಠ ಎರಡು ಬಗೆಯ ಗಿರಾಕಿ ಇರಲಿ. ಶಾಲೆ-ಅಂಗನವಾಡಿಗೆ ಮಾತ್ರ ಕೊಡುತ್ತೇವೆ, ಒಬ್ಬ ಅಂಗಡಿಯವನಿಗೆ ಮಾತ್ರ ಕೊಡುತ್ತೇವೆ ಎಂದರೆ ಅವರು ಬೇಡ ಎಂದ ದಿನ ಸಂಘ ಕೈಕಟ್ಟಿ ಕೂರಬೇಕಾಗುತ್ತದೆ.

ನಮ್ಮ ತಾಲೂಕುಗಳಲ್ಲಿ ಯಾವ ದಾರಿ ಇವೆ?

ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲ. ಹೆಸರು, ಕಡ್ಲಿ, ಜೋಳ, ಹತ್ತಿ, ಮೆಣಸಿನಕಾಯಿ ಬೆಳೀತೀರಿ. ಸುಗ್ಗಿಯಲ್ಲಿ ಕಡ್ಲಿ ಮಾರಿ, ಆರು ತಿಂಗಳಿಗೆ ಅದೇ ಕಡ್ಲಿಯ ಬ್ಯಾಳಿಯನ್ನು ಕಿರಾಣಿ ಅಂಗಡಿಯಿಂದ ಹೆಚ್ಚಿನ ಬೆಲೆಗೆ ತರ್ತೀರಿ. ನಡುವಿನ ಆ ರೊಕ್ಕ ಊರಿನಿಂದ ಹೊರಗೆ ಹೋಯಿತು. ಸಣ್ಣ ಬ್ಯಾಳಿ ಯಂತ್ರ, ಖಾರಪುಡಿ ಗಿರಣಿ ಊರಲ್ಲೇ ಇದ್ದರೆ ಹೇಗೆ ಎಂದು ಯೋಚಿಸಿ. ಕಲಬೆರಕೆ ಇಲ್ಲದ ಖಾರಪುಡಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಗಿರಾಕಿ ಇದ್ದಾರೆ.

ರೊಟ್ಟಿಯಂತೂ ನಮ್ಮ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಕಲಬುರಗಿ ಜಿಲ್ಲೆಯಲ್ಲಿ ರೊಟ್ಟಿ ಮಾಡುವ ಹೆಣ್ಣುಮಕ್ಕಳು ಸಹಕಾರಿ ಸಂಘ ಕಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಹೋಗುತ್ತದೆ ಎಂದು 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ ಭಾಷಣದಲ್ಲೂ ಬಂತು.

ಕಲಘಟಗಿ ಕಡೆ ಅರೆಮಲೆನಾಡು. ಭತ್ತ, ಗೋವಿನಜೋಳ, ಸೋಯಾ ಇದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಅದು. ಅಲ್ಲಿಯ ಕೊರತೆ ಬೇರೆ, ದಾರಿಯೂ ಬೇರೆ ಇರಬಹುದು.

ಮಾಲು ಮಾಡಿ ಮಾರೋದೇ ಉದ್ಯೋಗ ಅಂತ ತಿಳಿಯಬೇಡಿ. ಸೇವೆಯೂ ಉದ್ಯೋಗವೇ. ಹತ್ತಿ ಬಿಡಿಸುವ, ಕಳೆ ತೆಗೆಯುವ ದಿನಗಳಲ್ಲಿ ಕೈಗೂಸು ನೋಡಿಕೊಳ್ಳುವವರು ಇಲ್ಲದೆ ಎಷ್ಟು ತಾಯಂದಿರು ಕಷ್ಟಪಡ್ತಾರೆ? ಬಿತ್ತುವ ಕಾಲಕ್ಕೆ ಬಾಡಿಗೆಗೆ ಸಲಕರಣೆ ಸಿಗದೆ ಎಷ್ಟು ಸಣ್ಣ ರೈತರ ಹದ ತಪ್ಪುತ್ತದೆ? ಬಾಣಂತಿಗೆ, ವಯಸ್ಸಾದವರಿಗೆ ಪೌಷ್ಟಿಕ ಹಿಟ್ಟು ಊರಲ್ಲೇ ಮಾಡಿ ಕೊಡುವವರು ಇದ್ದಾರೆಯೇ? ಹೆಣ್ಣುಮಕ್ಕಳು ಶಾಲೆಯಲ್ಲಿ ನಾಚಿಕೆಪಟ್ಟು ಬಳಸುವ ಪ್ಯಾಡ್ ನಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತದೆಯೇ? ಹೀಗೆ ಕೇಳುತ್ತ ಹೋದರೆ ನಿಮ್ಮ ಊರಿನ ಉದ್ಯೋಗ ನಿಮಗೇ ಕಾಣುತ್ತದೆ.

ಯಾವ ಸಾಲ, ಯಾವ ನೆರವು?

ಉದ್ಯೋಗಕ್ಕೆ ಸಾಲ ತಗೊಳ್ಳುವಾಗ ಬಡ್ಡಿ ಒಂದನ್ನೇ ಕೇಳಬೇಡಿ, ಕಂತು ಯಾವಾಗ ಎಂದೂ ಕೇಳಿ. ಸುಗ್ಗಿಯಲ್ಲಿ ಕಾಳು ಕೊಂಡು, ಯುಗಾದಿವರೆಗೆ ಸ್ವಲ್ಪ ಸ್ವಲ್ಪ ಮಾರುವ ಉದ್ಯೋಗಕ್ಕೆ ವಾರದ ಕಂತಿನ ಸಾಲ ಒಪ್ಪೋದಿಲ್ಲ. ಮಾಲು ಮಾರುವ ಮೊದಲೇ ಕಂತು ಬರುತ್ತದೆ. ಕಂತು ಕಟ್ಟಲು ಮಾಲನ್ನು ಸಿಕ್ಕ ಬೆಲೆಗೆ ಕೊಡಬೇಕಾಗುತ್ತದೆ. ಮೊದಲು ಸಂಘದ ಉಳಿತಾಯದ ಆಂತರಿಕ ಸಾಲ, ಆಮೇಲೆ ಬ್ಯಾಂಕ್ ಜೋಡಣೆಯ ಸಾಲ, ಈ ಕ್ರಮ ಇಟ್ಟುಕೊಳ್ಳಿ. ಮೊದಲ ವರ್ಷ ಬಾಡಿಗೆ ಯಂತ್ರದಲ್ಲಿ ಮಾಡಿ ನೋಡಿ. ಗಿರಾಕಿ ನಿಂತ ಮೇಲೆ ಸ್ವಂತ ಯಂತ್ರದ ಮಾತು.

ತರಬೇತಿಗೆ ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ, ಕಲಘಟಗಿಯವರಿಗೆ ಹಳಿಯಾಳದ ದೇಶಪಾಂಡೆ ಆರ್‌ಸೆಟಿ ಹತ್ತಿರ. ಬೆಳೆ, ಬೀಜ, ಸಂಸ್ಕರಣೆ ಬಗ್ಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಸಣ್ಣ ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತು. ಸಾಲ ಪಡೆದು ಹಾಕುವ ಯಂತ್ರದ ವೆಚ್ಚಕ್ಕೆ ಶೇ. 35ರ ಸಹಾಯಧನ, ಆಹಾರ ಪದಾರ್ಥ ಮಾಡುವ ಸಂಘದ ಸದಸ್ಯರಿಗೆ ತಲಾ ರೂ. 40,000ವರೆಗೆ ಬೀಜಧನ ಅದರಲ್ಲಿ ಇಟ್ಟಿದ್ದರು. ಯೋಜನೆಗಳ ನಿಯಮ, ಅವಧಿ ಬದಲಾಗುತ್ತಾ ಇರುತ್ತವೆ. ರೈತ ಸಂಪರ್ಕ ಕೇಂದ್ರಕ್ಕೆ, ತಾಲೂಕು ಪಂಚಾಯ್ತಿಯ ಸಂಜೀವಿನಿ ವಿಭಾಗಕ್ಕೆ ಹೋಗಿ ಈಗ ಏನಿದೆ ಎಂದು ಕೇಳಿಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಮೂರು ಮಂದಿ ಹೋಗಿ. ತಿನ್ನುವ ಪದಾರ್ಥ ಮಾರುವುದಾದರೆ ಎಫ್.ಎಸ್.ಎಸ್.ಎ.ಐ. ನೋಂದಣಿ ಕಡ್ಡಾಯ, ಮೊದಲೇ ಮಾಡಿಸಿ.

ಸಹಾಯಧನ ಬರುತ್ತದೆ ಅಂತ ಉದ್ಯೋಗ ಶುರುಮಾಡಬೇಡಿ. ಸಹಾಯಧನ ಬಾರದಿದ್ದರೂ ನಡೆಯುವ ಉದ್ಯೋಗಕ್ಕೆ ಸಹಾಯಧನ ಕೇಳಿ.

ಮುಂದಿನ ಸಭೆಯಲ್ಲಿ ಹೀಗೆ ಮಾಡಿ

ಈ ಮಾತು ಇಲ್ಲಿಗೇ ಮುಗಿಯಬಾರದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಅರ್ಧ ತಾಸು ಕೂತು ಈ ಪ್ರಶ್ನೆಗಳನ್ನು ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

1. ಕಳೆದ ಒಂದು ತಿಂಗಳಲ್ಲಿ ನಾವು ಯಾವ ಯಾವ ವಸ್ತುವಿಗೆ, ಸೇವೆಗೆ ಊರು ಬಿಟ್ಟು ಹೋದೆವು? ಬಸ್ ಚಾರ್ಜು, ಸಮಯ ಎಷ್ಟು ಹೋಯಿತು?

2. ನಮ್ಮ ಹೊಲದ ಯಾವ ಬೆಳೆ ಕಚ್ಚಾ ಮಾಲಾಗಿ ಹೊರಗೆ ಹೋಗಿ, ಸಿದ್ಧ ಮಾಲಾಗಿ ದುಬಾರಿ ಬೆಲೆಗೆ ಮರಳಿ ಬರುತ್ತದೆ?

3. ನಮ್ಮಲ್ಲಿ ಯಾರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ? ಯಾರ ಮನೆಯಲ್ಲಿ ಇನ್ನೂ ಹಳೆಯ ಬೀಜ ಇದೆ?

4. ಈ ಕೆಲಸದಿಂದ ನಮ್ಮ ಸಂಘದ ಅತಿ ಬಡ ಸದಸ್ಯೆಗೆ, ಒಂಟಿ ಹೆಣ್ಣುಮಗಳಿಗೆ, ಅಂಗವಿಕಲ ಸದಸ್ಯೆಗೆ ಏನು ಸಿಗುತ್ತದೆ?

5. ಲಾಭ ಬಂದರೆ ಹೇಗೆ ಹಂಚೋಣ? ಲುಕ್ಸಾನು ಬಂದರೆ ಹೇಗೆ ಹೊರೋಣ?

ಐದನೆಯ ಪ್ರಶ್ನೆಯನ್ನು ರೊಕ್ಕ ಹಾಕುವ ಮೊದಲೇ ಮಾತಾಡಿ. ಲಾಭ ಬಂದ ಮೇಲೆ ಹಂಚಿಕೆಯ ಮಾತು ತೆಗೆದರೆ ಜಗಳ, ಲುಕ್ಸಾನು ಆದ ಮೇಲೆ ತೆಗೆದರೆ ಅಳು. ಮೊದಲೇ ಬರೆದಿಟ್ಟರೆ ಅದು ಬರೀ ಲೆಕ್ಕ.

“ನಮ್ಮಂಥವರಿಂದ ಆಗತೈತೇನ್ರಿ?” ಎಂದು ಇನ್ನೂ ಯಾರಾದರೂ ಕೇಳಿದರೆ ತೀರ್ಥಕ್ಕೆ ಬಸ್ ಹತ್ತಿ ಹೋಗಿ ನೋಡಿ ಬನ್ನಿ ಎಂದು ಹೇಳುತ್ತೇವೆ. ದೂರದ ಊರಲ್ಲ, ನಮ್ಮದೇ ಜಿಲ್ಲೆ. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಬೀಳುವುದು ಒಂದೇ ಮಳೆ. ಅವರಿಗೆ ಏನು ಕಷ್ಟ ಬಂತು, ಎಲ್ಲಿ ಸೋತರು, ಹೇಗೆ ಎದ್ದರು, ಅದನ್ನು ಅವರ ಬಾಯಿಂದಲೇ ಕೇಳಿ. ನಮ್ಮ ಭಾಷಣಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಉಳಿತಾಯ ಮಾಡಲು ಕಲಿತಿದ್ದೀರಿ. ಒಬ್ಬರಿಗೊಬ್ಬರು ಜಾಮೀನು ನಿಲ್ಲಲು ಕಲಿತಿದ್ದೀರಿ. ಇನ್ನು ಒಬ್ಬರಿಗೊಬ್ಬರು ಕೆಲಸ ಕೊಡಲು ಕಲಿಯೋಣ. ನಿಮ್ಮ ಸಂಘ ಯಾವ ಕೊರತೆ ಆರಿಸಿಕೊಂಡಿತು ಎಂಬುದನ್ನು ಮುಂದಿನ ಒಕ್ಕೂಟದ ಸಭೆಯಲ್ಲಿ ಬಂದು ಹೇಳಿ. ನಾವು ಕಾಯುತ್ತಿರುತ್ತೇವೆ.